ಪಾದಪೂಜೆಯ ನೀರು

ಮೊಳಕಾಲ್ಮುರಿನಲ್ಲಿ ನಾನು ಮಾಂಸ ತರುವ ಅಂಗಡಿಯವರಿಗೆ ನನ್ನ ಪಾಠಗಳ ಲೆಕ್ಕ ಗೊತ್ತು. ವಿಸರ್ಜನಾಂಗಗಳ ಪಾಠ ಬರುವ ವಾರ ಬೆಳಿಗ್ಗೆಯೇ ಹೋಗಿ ಅವರ ಮುಂದೆ ನಿಲ್ಲುತ್ತೇನೆ. "ಟೀಚರಮ್ಮ, ಗುರ್ದಾ ಟೈಮ್ ಬಂತಾ?" ಎಂದು ನಗುತ್ತಾ, ಕುರಿಯ ಎರಡು ಮೂತ್ರಪಿಂಡಗಳನ್ನು ಮೇಲಿನ ಕೊಬ್ಬು ಬಿಡಿಸದೆ ಕವರಿಗೆ ಹಾಕಿಕೊಡುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಚಿತ್ರ ಬರೆದು ತೋರಿಸಿದರೆ ಸಾಕಾಗುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನನಗೆ ಸಾಕಾಗುವುದಿಲ್ಲ.

ಮೇಜಿನ ಮೇಲೆ ತಟ್ಟೆ ಇಟ್ಟು ಉದ್ದಕ್ಕೆ ಸೀಳಿ ತೋರಿಸುತ್ತೇನೆ. ಹೊರಗೆ ಕಡುಗೆಂಪು ಪದರ, ಒಳಗೆ ತಿಳಿಬಣ್ಣದ ಪದರ, ನಡುವೆ ಬಿಳಿಯ ಗೂಡು. ಮನುಷ್ಯರಿಗೂ ಹೀಗೆಯೇ, ಪಕ್ಕೆಲುಬುಗಳ ಕೆಳತುದಿಯಲ್ಲಿ, ಬೆನ್ನುಮೂಳೆಯ ಆಚೆಗೊಂದು ಈಚೆಗೊಂದು, ಅವರವರ ಮುಷ್ಟಿಯಷ್ಟು ದೊಡ್ಡದು, ಅವರೆಬೀಜದ ಆಕಾರ. ಮೇಲೆ ಯಕೃತ್ತು ಕೂತಿರುವುದರಿಂದ ಬಲಗಡೆಯದು ತುಸು ಕೆಳಗೆ. ಒಂದೊಂದರಲ್ಲೂ ಹತ್ತು ಲಕ್ಷದಷ್ಟು ಸಣ್ಣ ಜರಡಿಗಳು. ಮೈಯ ರಕ್ತವೆಲ್ಲ ದಿನಕ್ಕೆ ಎಷ್ಟೋ ಸಲ ಅವುಗಳ ಮೂಲಕ ಹಾದುಹೋಗುತ್ತದೆ. ಬೇಕಾದ ನೀರು, ಉಪ್ಪು, ಸಕ್ಕರೆಯನ್ನೆಲ್ಲ ಅವು ವಾಪಸು ಎಳೆದುಕೊಂಡು ಬೇಡದ್ದನ್ನಷ್ಟೇ ಕೆಳಗೆ ಬಿಡುತ್ತವೆ. ಎರಡು ಸಪೂರ ನಾಳಗಳು ಆ ಹನಿಗಳನ್ನು ಮೂತ್ರಕೋಶಕ್ಕೆ ದಬ್ಬುತ್ತವೆ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ, ಕಣ್ಣು ಮಾತ್ರ ಮುಚ್ಚುವುದಿಲ್ಲ.

ನಾನು ನಿಜವಾಗಿ ಹೇಳಬೇಕೆಂದಿರುವುದು ಆಮೇಲಿನದ್ದು. ಮೂತ್ರಕೋಶದ ಬಾಯಿಗೆ ಎರಡು ಬಾಗಿಲು. ಒಳಗಿನದು ನಮ್ಮ ಮಾತನ್ನೇ ಕೇಳುವುದಿಲ್ಲ. ಹೊರಗಿನದು ಕೇಳುತ್ತದೆ, ಅದೂ ಒಂದು ಮಟ್ಟದವರೆಗೆ. "ಅದು ಸೋತರೆ ಸೋತದ್ದು ಬಾಗಿಲು, ನೀವಲ್ಲ. ಬರೆದುಕೊಳ್ಳಿ" ಎನ್ನುತ್ತೇನೆ. ಪರೀಕ್ಷೆಗೆ ಬರುವುದಿಲ್ಲವೆಂದು ಗೊತ್ತಿದ್ದೂ ಬರೆಸುತ್ತೇನೆ. ನನ್ನ ತರಗತಿಯಲ್ಲಿ ಹೊರಗೆ ಹೋಗಲು ಯಾರೂ ನನ್ನ ಅಪ್ಪಣೆ ಕೇಳಬೇಕಾಗಿಲ್ಲ, ಎದ್ದು ಹೋಗಬಹುದು. ಇದನ್ನು ಕಂಡವರು ನನ್ನದು ದೊಡ್ಡ ಮನಸ್ಸು ಎನ್ನುತ್ತಾರೆ. ಮನಸ್ಸು ದೊಡ್ಡದೇನಲ್ಲ. ಈ ನಿಯಮ ಹುಟ್ಟಿದ್ದು ಒಬ್ಬ ಮನುಷ್ಯನ ಮೇಲಿನ ಸಿಟ್ಟಿನಿಂದ.

ಚಳ್ಳಕೆರೆಗೂ ಮೊಳಕಾಲ್ಮುರಿಗೂ ನಡುವಿನ ಒಂದು ಹಳ್ಳಿ ನಮ್ಮದು. ನಾನಾಗ ನಾಲ್ಕನೇ ತರಗತಿ. ಶಾಲೆಗೆ ಶೌಚಾಲಯ ಇರಲಿಲ್ಲ, ಹಿಂದೆ ಜಾಲಿಗಿಡಗಳ ಮರೆ ಇತ್ತು. ಕಿರುಬೆರಳೆತ್ತಿ "ಸಾರ್, ಒಂದಕ್ಕೆ" ಎಂದರೆ ಬೇರೆ ಮೇಷ್ಟ್ರುಗಳು ಹೂಂ ಎಂದು ತಲೆಯಾಡಿಸುತ್ತಿದ್ದರು. ನಮಗೆ ಲೆಕ್ಕ ಹೇಳುತ್ತಿದ್ದ ಮೇಷ್ಟ್ರು ಮಾತ್ರ ಬೋರ್ಡಿನ ಮೇಲಿನ ಲೆಕ್ಕ ಮುಗಿಯುವವರೆಗೆ ಯಾರನ್ನೂ ಬಿಡುತ್ತಿರಲಿಲ್ಲ.

ಅವತ್ತು ಭಾಗಾಕಾರ. ನಾನು ಬೆರಳೆತ್ತಿದೆ.

"ಆಮೇಲೆ. ಲೆಕ್ಕ ಮುಗೀಲಿ."

ಎರಡನೇ ಸಲ ಎತ್ತಿದೆ.

"ಲೆಕ್ಕ ಬರ್ಲಿಲ್ಲ ಅಂದ್ರೆ ಎಲ್ರಿಗೂ ಒಂದಕ್ಕೇ ಬರ್ತೈತೆ!" ಎಂದರು. ತರಗತಿ ನಕ್ಕಿತು. ಮೂರನೇ ಸಲ ಎತ್ತುವ ಧೈರ್ಯ ಬರಲಿಲ್ಲ. ಕಾಲಿಗೆ ಕಾಲು ಹೆಣೆದು, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಕೊನೆಗೆ ಲಂಗವೆಲ್ಲ ಬೆಚ್ಚಗೆ ನೆನೆದು, ಕಲ್ಲುಹಾಸಿನ ಮೇಲೆ ಹರಿದು, ಮುಂದಿನ ಸಾಲಿನ ಹುಡುಗನ ಸ್ಲೇಟಿನವರೆಗೂ ಹೋಯಿತು.

ನಮ್ಮ ಸೀಮೆಯಲ್ಲಿ ಕೆರೆ ತುಂಬಿ ಕೋಡಿ ಬೀಳುವುದೆಂದರೆ ಹಬ್ಬ. ಎಷ್ಟೋ ವರ್ಷಕ್ಕೊಮ್ಮೆ ಬೀಳುವ ಕೋಡಿಯನ್ನು ನೋಡಲು ಜನ ಮಕ್ಕಳು ಮರಿ ಕಟ್ಟಿಕೊಂಡು ಹೋಗುತ್ತಾರೆ. ಮೇಷ್ಟ್ರು ಬಂದು ನೆಲ ನೋಡಿದರು, ನನ್ನನ್ನು ನೋಡಿದರು. "ಬರ್ರೋ, ಊರ ಕೆರೆ ಕೋಡಿ ಬಿದ್ದೈತೆ, ನೋಡ್ಬರ್ರಿ!" ಎಂದರು. ಹಿಂದಿನ ಸಾಲಿನವರೂ ಎದ್ದು ಬಂದು ನೋಡಿದರು. ಆಮೇಲೆ ನನ್ನ ಕೈಗೆ ಬಿಂದಿಗೆ ಕೊಟ್ಟು, ನೀರು ತರಿಸಿ, ನನ್ನಿಂದಲೇ ನೆಲ ತೊಳೆಸಿದರು. ಒದ್ದೆ ಲಂಗದಲ್ಲಿ ಕುಕ್ಕರಗಾಲಲ್ಲಿ ಕೂತು ತೊಳೆದೆ. ಅವರು ಭಾಗಾಕಾರ ಮುಂದುವರಿಸಿದರು.

ಮನೆಯಲ್ಲಿ ನಮ್ಮದು ಅರ್ಧ ಕನ್ನಡ, ಅರ್ಧ ತೆಲುಗು. "ಏಮೇ, ಲಂಗ ಯಾಕೆ ಹಿಂಗಾಗೈತೆ?" ಎಂದು ಅವ್ವ ಕೇಳಿದಳು. ಅಳುತ್ತಾ ಹೇಳಿದೆ. ಅವಳಿಗೂ ಕಣ್ಣು ತುಂಬಿ ಬಂತು, ಆದರೆ ಹೇಳಿದ್ದಿಷ್ಟೇ: "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಯಾರತ್ರನೂ ಹೇಳ್ಬ್ಯಾಡ, ಸುಮ್ನಿರು." ನಾನು ಸುಮ್ಮನಿದ್ದೆ. ಶಾಲೆ ಸುಮ್ಮನಿರಲಿಲ್ಲ. ಸ್ಲೇಟು ಒದ್ದೆಯಾದ ಹುಡುಗ ಮಾರನೆಯ ದಿನವೇ ನನ್ನನ್ನು ಕೋಡಿ ಎಂದು ಕರೆದ. ಹತ್ತನೇ ತರಗತಿ ಮುಗಿಯುವವರೆಗೂ ನಾನು ಕೋಡಿಯೇ. ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ನೀರು ಕುಡಿದರೆ ತಾನೇ ಒಂದಕ್ಕೆ ಬರುವುದು? ಒಂಬತ್ತು ವರ್ಷದ ಬುದ್ಧಿಗೆ ಹೊಳೆದ ಉಪಾಯ ಇದು. ಬೆಳಿಗ್ಗೆ ಅರ್ಧ ಲೋಟ, ಮತ್ತೆ ಕುಡಿಯುವುದು ಸಂಜೆ ಮನೆಗೆ ಬಂದ ಮೇಲೆ. ಅದೂ ನಮ್ಮ ಬಿಸಿಲಿನಲ್ಲಿ! ಬಂದದ್ದನ್ನೂ ಮನೆ ಮುಟ್ಟುವವರೆಗೆ ತಡೆದುಕೊಳ್ಳುತ್ತಿದ್ದೆ. ವರ್ಷಕ್ಕೆ ನಾಲ್ಕೈದು ಸಲ ಉರಿಮೂತ್ರ, ಚಳಿಜ್ವರ, ಪಕ್ಕೆ ನೋವು. ಅವ್ವ ಉಷ್ಣ ಎನ್ನುತ್ತಿದ್ದಳು. ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ ಜೀರಿಗೆ ನೀರು ಕುಡಿಸುತ್ತಿದ್ದಳು. ಜ್ವರ ಬಿಡುತ್ತಿತ್ತು, ಎರಡು ತಿಂಗಳಿಗೆ ಮತ್ತೆ ಬರುತ್ತಿತ್ತು.

ಮೂವತ್ತಾರನೇ ವಯಸ್ಸಿನಲ್ಲಿ ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದೆ. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ, "ಎಡಗಡೆ ಕಿಡ್ನಿ ಸುಕ್ಕಿ ಹೋಗಿದೆ ಮೇಡಂ. ಕೆಲಸ ಎಲ್ಲಾ ಬಲಗಡೆಯದೇ ಮಾಡ್ತಿದೆ" ಎಂದರು. ಮುಷ್ಟಿಯಷ್ಟಿರಬೇಕಾದದ್ದು ಹೆಬ್ಬೆರಳಷ್ಟಿತ್ತು. ಯಾಕೆ ಹೀಗಾಯಿತು ಎಂದು ಕೇಳಿದೆ. ಚಿಕ್ಕಂದಿನಲ್ಲಿ ಪದೇ ಪದೇ ಆದ ಸೋಂಕಿನಿಂದ ಇರಬಹುದು, ಹುಟ್ಟಿನಿಂದಲೇ ನಾಳದಲ್ಲಿ ತೊಂದರೆ ಇದ್ದಿರಬಹುದು, ಇದೇ ಕಾರಣ ಎಂದು ಹೇಳಲಾಗುವುದಿಲ್ಲ ಎಂದರು. ಅವರಿಗೆ ಹೇಳಲಾಗದಿದ್ದರೆ ನನಗೇನು? ಆ ಕುರ್ಚಿಯಲ್ಲಿ ಕೂತಲ್ಲೇ ನಾನು ಕಾರಣ ತೀರ್ಮಾನಿಸಿದೆ. ವಿಜ್ಞಾನ ಹೇಳುವವಳು ಹೀಗೆ ತೀರ್ಮಾನಿಸಬಾರದು ಎಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಅವತ್ತಿನಿಂದ ನನಗೆ ಬೇಕಾಗಿದ್ದದ್ದು ಒಂದೇ. ಆ ತರಗತಿಯ ಎಲ್ಲರ ಎದುರು ಆ ಮನುಷ್ಯ "ತಪ್ಪು ನನ್ನದು, ಈ ಹುಡುಗಿಯದಲ್ಲ" ಎನ್ನಬೇಕು. ಅದಾಗದಿದ್ದರೆ, ಅವರೂ ಒಮ್ಮೆ ಎಲ್ಲರ ನಡುವೆ ಕೂತು ನೆನೆಯಬೇಕು.

ಹೋದ ವರ್ಷ ಫೋನು ಬಂತು. ಸ್ಲೇಟಿನ ಹುಡುಗ ಈಗ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಯಜಮಾನ, ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೂ ಅವನೇ ಯಜಮಾನ.

"ಗುರುವಂದನೆ ಇಟ್ಕಂಡಿದೀವಿ. ಲೆಕ್ಕದ ಮೇಷ್ಟ್ರಿಗೆ ಪಾದಪೂಜೆ ನೀನೇ ಮಾಡ್ಬೇಕು. ನೀನೂ ಟೀಚರ್ ಅಲ್ವಾ, ಚೆನ್ನಾಗಿರ್ತೈತೆ."

"ನನ್ ಕೈಲಾಗಲ್ಲ" ಎಂದೆ.

"ಹಂಗನ್ಬ್ಯಾಡ. ಬೇಗ ಮುಗಿಸ್ತೀವಿ. ಮೇಷ್ಟ್ರಿಗೂ ಬಾಳ ಹೊತ್ತು ಕೂರಾಕಾಗಲ್ಲ, ಪ್ರಾಸ್ಟೇಟ್ ಅಂತೆ. ಗಳಿಗೆಗೊಂದ್ಸಲ ಒಂದಕ್ಕೆ ಎದ್ದು ಹೋಗ್ತಾರೆ."

"ಎಷ್ಟು ಗಂಟೆಗೆ ಬರ್ಬೇಕು?" ಎಂದೆ.

ಗಂಡಸರಿಗೆ ಮೂತ್ರಕೋಶದ ಕೆಳಗೆ, ಮೂತ್ರ ಹೊರಹೋಗುವ ನಾಳವನ್ನು ಸುತ್ತುವರಿದು ಒಂದು ಗ್ರಂಥಿ ಇರುತ್ತದೆ. ವಯಸ್ಸಾದಂತೆ ಅದು ಊದಿ ನಾಳವನ್ನು ಅದುಮುತ್ತದೆ. ಹೋದಾಗ ಪೂರ್ತಿ ಬರುವುದಿಲ್ಲ, ಬಂದಾಗ ತಡೆಯಲಾಗುವುದಿಲ್ಲ. ಮೂತ್ರಕೋಶ ಎಂದೂ ಬರಿದಾಗದೆ ಅರೆಬರೆ ತುಂಬಿಯೇ ಇರುತ್ತದೆ. ಅದರ ಮೇಲೆ ಎಳನೀರು ಬಿದ್ದರೆ? ಕಾಫಿ ಬಿದ್ದರೆ? ಪಾದಕ್ಕೆ ತಣ್ಣೀರು ತಾಕಿದರೆ? ನೀರು ಸುರಿಯುವ ಸದ್ದು ಕಿವಿಗೆ ಬಿದ್ದರೆ ಏನಾಗುತ್ತದೆಂದು, ನಲ್ಲಿ ಬಿಟ್ಟು ಮಗುವನ್ನು ಒಂದಕ್ಕೆ ಕೂರಿಸಿದ ಯಾವ ತಾಯಿಯನ್ನಾದರೂ ಕೇಳಿ. ಯಾವ ಪಾಠಕ್ಕೂ ನಾನು ಇಷ್ಟು ಶ್ರದ್ಧೆಯಿಂದ ತಯಾರಾದವಳಲ್ಲ.

ಚಳ್ಳಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ. ನನ್ನ ನೆನಪಿನಲ್ಲಿದ್ದದ್ದು ಕೈಯಲ್ಲಿ ಬೆತ್ತ ಹಿಡಿದ ಎತ್ತರದ ಆಳು. ಆಟೋದಿಂದ ಇಳಿದದ್ದು ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬ ತೊಟ್ಟ, ಸವೆದುಹೋದ ಮುದುಕ. ಅಯ್ಯೋ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. "ಯಾರಮ್ಮಾ ನೀನು, ಗೊತ್ತಾಗ್ಲಿಲ್ಲ" ಎಂದರು. ಪಕ್ಕದಲ್ಲಿದ್ದ ಮಿಲ್ಲಿನವನು "ಕೋಡಿ, ಸಾರ್" ಎಂದ. "ಓಹೋಹೋ, ಕೋಡಿ!" ಎಂದು ಮೇಷ್ಟ್ರು ಬಾಯ್ತುಂಬ ನಕ್ಕರು. ನಾನೂ ನಕ್ಕು ಎಳನೀರು ಕೊಟ್ಟೆ.

"ಬಿಸ್ಲಾಗ ಬಂದಿದೀರಿ ಸಾರ್, ಪೂರ್ತಿ ಕುಡೀರಿ."

ಅತಿಥಿಗಳು ಬರುವುದು ತಡವಾಯಿತು. ಅಷ್ಟರಲ್ಲಿ ಒಂದು ದೊಡ್ಡ ಲೋಟ ಕಾಫಿ ಕುಡಿಸಿದೆ. ಮೇಷ್ಟ್ರು ಒಮ್ಮೆ ಎದ್ದು ಹೋಗಿ ಬಂದರು. ಬಂದ ಮೇಲೆ ಇನ್ನೊಂದು ಎಳನೀರು ಕೊಟ್ಟೆ. ಅದನ್ನು ಕೊಡುವಾಗ ಒಂದು ಗಳಿಗೆ ಹಿಂಜರಿದೆ, ಸುಳ್ಳು ಹೇಳುವುದಿಲ್ಲ. ಮುದುಕನಿಗೆ ಇದೇನು ಮಾಡುತ್ತಿದ್ದೀಯೆ ಎಂದು ಒಳಗೆ ಯಾರೋ ಕೇಳಿದ ಹಾಗಾಯಿತು. "ಇಂಥಾ ಶಿಷ್ಯೇನ ಪಡೀಬೇಕು ಸಾರ್ ನೀವು!" ಎಂದು ಮಿಲ್ಲಿನವನು ಹೊಗಳಿದ.

ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಶಾಲು, ಪೇಟ, ಹಾರ ಹೊತ್ತು ಮೇಷ್ಟ್ರು ಮೈಕು ಹಿಡಿದರು. ನಾನು ವೇದಿಕೆಯ ಕೆಳಗೆ ಚೊಂಬು ಹಿಡಿದು ಕಾಯುತ್ತಿದ್ದೆ. ಅವರು ನನ್ನ ಕಡೆ ಕೈ ತೋರಿಸಿದರು.

"ಇವತ್ತು ನನ್ ಪಾದ ತೊಳ್ಯಾಕೆ ನಿಂತೈತಲ್ಲ ಈ ಹುಡ್ಗಿ, ಒಂದಿನ ನನ್ ಕ್ಲಾಸ್‌ರೂಮೇ ತೊಳ್ದಿತ್ತು! ಯಾಕೆ ಅಂತ ನಿಮಗೆಲ್ಲಾ ನೆನಪೈತಲ್ಲ?"

"ಕೋಡಿ ಬಿದ್ದಿತ್ತು ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಮಂಟಪವೇ ನಕ್ಕಿತು.

"ಅವತ್ತು ಬಿಡದಂಗೆ ನೆಲ ತೊಳಿಸ್ದೆ. ಅದಕ್ಕೇ ಇವತ್ತು ಟೀಚರ್ ಆಗೈತೆ. ಶಿಸ್ತು ಅಂದ್ರೆ ಅದು!"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನ್ನ ಸುಕ್ಕಿದ ಮೂತ್ರಪಿಂಡದ ಶ್ರೇಯಸ್ಸನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರೇ ತೆಗೆದುಕೊಂಡರು. ಚಪ್ಪಾಳೆ ಬಿತ್ತು. ಒಳಗಿನ ಆ ಪ್ರಶ್ನೆ ಅಲ್ಲಿಗೆ ನಿಂತಿತು.

ಮೈಕು ಕೊಟ್ಟು ಕುರ್ಚಿಗೆ ಬಂದ ಮೇಷ್ಟ್ರು ಮಿಲ್ಲಿನವನ ಕಿವಿಯಲ್ಲಿ ಏನೋ ಅಂದರು. ಅವನು ಅವರ ಹೆಗಲು ಹಿಡಿದು ಕೂರಿಸಿದ. "ಎರಡೇ ನಿಮಿಷ ಸಾರ್, ಪಾದಪೂಜೆ ಮುಗಿಸ್ಕಂಡೇ ಹೋಗ್ರಿ. ಫೋಟೋದವ್ರು ಕಾಯ್ತಾವ್ರೆ." ನಾನು ವೇದಿಕೆ ಹತ್ತಿ ಹಿತ್ತಾಳೆ ಹರಿವಾಣ ಇಟ್ಟು, ಅವರ ಎರಡೂ ಪಾದಗಳನ್ನು ಎತ್ತಿ ಅದರೊಳಗೆ ಇಟ್ಟೆ. ಬೆರಳುಗಳು ಆಗಲೇ ಮುದುಡಿಕೊಂಡಿದ್ದವು. ಮೊಣಕಾಲುಗಳು ಒಂದಕ್ಕೊಂದು ಅಂಟಿದ್ದವು. ಆ ಭಂಗಿ ನನಗೆ ಚೆನ್ನಾಗಿ ಗೊತ್ತು.

ಅರಿಸಿನದ ನೀರನ್ನು ಸಪೂರ ಧಾರೆಯಾಗಿ ಬಿಟ್ಟೆ. ನೆರಳಿನಲ್ಲಿಟ್ಟ ಡ್ರಮ್ಮಿನಿಂದ ತುಂಬಿಸಿಟ್ಟಿದ್ದ ತಣ್ಣೀರು. ಹರಿವಾಣದಲ್ಲಿ ಸದ್ದಾಗುವಂತೆ, ಮೇಲಿನಿಂದ, ಆತುರವಿಲ್ಲದೆ. ಮೇಷ್ಟ್ರು ಬಗ್ಗಿದರು. ಹಾರದ ಹೂವು ನನ್ನ ಹಣೆಗೆ ತಾಕಿತು.

"ಅಮ್ಮಾ, ಒಂದ್ನಿಮಿಷ ಬಿಡು. ಹೋಗ್ಬಂದ್ಬಿಡ್ತೀನಿ."

"ಆಮೇಲೆ ಸಾರ್. ಮುಗೀಲಿ."

ತಮ್ಮದೇ ಮಾತೆಂದು ಅವರಿಗೆ ತಿಳಿಯಲಿಲ್ಲ. "ತಡ್ಯಾಕಾಗ್ತಿಲ್ಲಮ್ಮ" ಎಂದರು. ದನಿ ಸಣ್ಣದಾಗಿತ್ತು. ನಾನು ಎರಡನೆಯ ಚೊಂಬು ತೆಗೆದುಕೊಂಡೆ. ಅರ್ಧ ಸುರಿಯುವಷ್ಟರಲ್ಲಿ ಅವರ ಕಣಕಾಲಿನ ಮೇಲೆ ಪಂಚೆಯ ಒಳಗಿನಿಂದ ಒಂದು ಎಳೆ ಇಳಿಯಿತು. ನನ್ನ ನೀರು ತಣ್ಣಗಿತ್ತು, ಅದು ಬೆಚ್ಚಗಿತ್ತು. ಆಮೇಲೆ ಎಳೆ ಧಾರೆಯಾಯಿತು. ಅರಿಸಿನದ ನೀರಿನ ಬಣ್ಣವೂ ಅದೇ ಆದ್ದರಿಂದ ಯಾರಿಗೂ ಕಾಣಲಿಲ್ಲ. ಕಂಡದ್ದು ನನಗೆ, ಗೊತ್ತಾದದ್ದು ಅವರಿಗೆ. ಮುಖವೆತ್ತಿ ನೋಡಿದೆ. ಎಪ್ಪತ್ತು ದಾಟಿದ ಆ ಮುಖದಲ್ಲಿ ನಾಲ್ಕನೇ ತರಗತಿಯ ಹೆದರಿಕೆ ಇತ್ತು. ನನಗೆ ಸಂತೋಷವಾಯಿತು. ಹೊಟ್ಟೆಯೊಳಗೆ ತಣ್ಣಗಾಯಿತು. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲೇ ಅಂದುಕೊಂಡು, ಚೊಂಬಿನಲ್ಲಿ ಉಳಿದದ್ದನ್ನೂ ಸುರಿದೆ.

ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಪಾದ ತೊಳೆದ ನೀರನ್ನು ಶಿಷ್ಯರೆಲ್ಲ ತಲೆಗೆ ಚಿಮುಕಿಸಿಕೊಳ್ಳುವುದು ಪದ್ಧತಿ ಎಂಬುದು, ಇಷ್ಟೆಲ್ಲ ಲೆಕ್ಕ ಹಾಕಿದ ನನಗೆ ಹೊಳೆದೇ ಇರಲಿಲ್ಲ. "ತೀರ್ಥ ತಗಳ್ಳಿ, ಎಲ್ರೂ ಸಾಲಾಗಿ ಬರ್ರಿ" ಎಂದು ಮಿಲ್ಲಿನವನು ಮೈಕಿನಲ್ಲಿ ಕರೆದ. ನನ್ನ ಕಡೆ ತಿರುಗಿ, "ಪೂಜೆ ಮಾಡಿದೋಳು ನೀನು, ನೀನೇ ಮೊದ್ಲು ತಗಾ" ಎಂದ.

ಹರಿವಾಣ ಎತ್ತಿಕೊಂಡು ನಿಂತೆ. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಹೇಳಿದರೆ ಮೇಷ್ಟ್ರ ಮಾನ ಅಲ್ಲೇ ಹರಾಜು, ಆದರೆ ಅದು ನಾನು ಬಯಲು ಮಾಡಿದಂತಾಗುತ್ತದೆ. ಅವರ ಬಾಯಿಂದ ಬರಬೇಕಿತ್ತು. ಅವರನ್ನೇ ನೋಡಿದೆ. ಒಂದು ಮಾತು ಸಾಕಿತ್ತು. ಅವರು ಕಣ್ಣು ತಗ್ಗಿಸಿ, ಆಶೀರ್ವಾದಕ್ಕೆಂದು ಕೈ ಎತ್ತಿದರು.

ಹಾಗಾದರೆ ಆಗಲಿ. ಮೂರು ಹನಿ ನನ್ನ ತಲೆಗೆ ಹಾಕಿಕೊಂಡೆ. ಅನುಮಾನ ಬರದ ಹಾಗೆ, ಕಣ್ಣು ಮುಚ್ಚಿ, ಭಕ್ತಿಯಿಂದ. ಆಮೇಲೆ ನಾನೇ ಹರಿವಾಣ ಹಿಡಿದು ಸಾಲಿನ ಮುಂದೆ ನಡೆದೆ. ಮಿಲ್ಲಿನವನು ಅಂಗೈ ತುಂಬ ತೆಗೆದುಕೊಂಡು ಬೋಳುತಲೆಗೆ ಸವರಿಕೊಂಡ. ಹಿಂದಿನಿಂದ ಕೂಗಿದವರು ಬಂದರು, ಎದ್ದು ಬಂದು ನೆಲ ನೋಡಿದವರು ಬಂದರು. ಒಬ್ಬ ಬಾಯಿಗೆ ಹಾಕಿಕೊಳ್ಳಲು ಹೋದ. "ಅರಿಸಿನ ಜಾಸ್ತಿ ಐತೆ, ಕುಡೀಬ್ಯಾಡ" ಎಂದು ಅವನ ಕೈ ತಡೆದೆ. ಅಷ್ಟು ಮನುಷ್ಯತ್ವ ನನ್ನಲ್ಲಿ ಉಳಿದಿತ್ತು.

ಎಲ್ಲರೂ ಊಟಕ್ಕೆ ಹೋದ ಮೇಲೆ ತಲೆ, ಕೈ ತೊಳೆದುಕೊಳ್ಳಲು ಹಿಂದಿನ ನಲ್ಲಿಗೆ ಹೋದೆ. ಮೇಷ್ಟ್ರು ಅಲ್ಲಿದ್ದರು. ಸನ್ಮಾನದ ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದರು.

"ನಿನಗೆ ಗೊತ್ತಾತಲ್ಲ?" ಎಂದರು.

"ಗೊತ್ತಾತು ಸಾರ್."

"ಆದ್ರೂ ಯಾರಿಗೂ ಹೇಳ್ಲಿಲ್ಲ. ನನ್ ಮಾನ ಉಳಿಸ್ದೆ ತಾಯಿ." ಎರಡೂ ಕೈ ಎತ್ತಿ ಮುಗಿದರು.

ಅವರು ನನ್ನನ್ನು ಒಳ್ಳೆಯವಳೆಂದುಕೊಂಡದ್ದನ್ನು ನನಗೆ ಸಹಿಸಲಾಗಲಿಲ್ಲ. ಸೇಡು ಅವರಿಗೇ ಗೊತ್ತಾಗದಿದ್ದರೆ ತೀರಿಸಿಕೊಂಡು ಏನು ಬಂತು? "ನಾನು ಬೇಕಂತ್ಲೇ ಮಾಡಿದ್ದು ಸಾರ್" ಎಂದೆ. ಎಳನೀರು ಹೇಳಿದೆ, ಕಾಫಿ ಹೇಳಿದೆ, ಚೊಂಬಿನ ಧಾರೆ ಹೇಳಿದೆ. ಭಾಗಾಕಾರದ ದಿನದಿಂದ ದಾವಣಗೆರೆಯ ಪರದೆಯವರೆಗೆ ಎಲ್ಲವನ್ನೂ ಹೇಳಿದೆ. ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು, ಅವರೇ ಬಗ್ಗಿ ನಿಲ್ಲಿಸಿದರು.

"ನನಗೆ ಮೂಗಿನ ತುದೀಲೇ ಸಿಟ್ಟಿತ್ತು ಆಗ. ಮಗೂಗೆ ಹಿಂಗೆಲ್ಲಾ ಆಗ್ತೈತೆ ಅಂತ ಗೊತ್ತಿರ್ಲಿಲ್ಲ. ತಪ್ಪು ನಂದೇ. ನಿಂದಲ್ಲ."

ನಾನು ಇಷ್ಟು ವರ್ಷ ಕಾದ ಮಾತು ಅದೇ. ಪಕ್ಕದಲ್ಲಿ ನಿಂತ ನನಗೇ ಕಷ್ಟದಿಂದ ಕೇಳಿಸುವಷ್ಟು ಮೆಲ್ಲಗೆ ಹೇಳಿದರು. ನಗಿಸುವಾಗ ಮೈಕು ಬೇಕಾಗಿತ್ತು, ತಪ್ಪೊಪ್ಪಿಕೊಳ್ಳುವಾಗ ಹಿತ್ತಲು.

"ಒಳಗೆ ಎಲ್ರೂ ಊಟಕ್ಕೆ ಕೂತಾವ್ರೆ. ಮೈಕ್ ಅಲ್ಲೇ ಐತೆ. ಇಷ್ಟನ್ನೇ ಬಂದು ಹೇಳ್ರಿ ಸಾರ್."

ಅವರು ಶಾಲನ್ನು ಸ್ವಲ್ಪ ಸರಿಸಿ, ಅಂಟಿಕೊಂಡಿದ್ದ ಒದ್ದೆ ಪಂಚೆಯನ್ನು ತೋರಿಸಿದರು. "ಈ ಅವಸ್ಥೇಲಿ ಅಷ್ಟು ಜನದ ಮುಂದೆ ಹೆಂಗಮ್ಮ ನಿಂತ್ಕಳ್ಳೋದು?"

"ನಾನು ನಿಂತಿದ್ದೆ ಸಾರ್."

ಅವರು ಶಾಲನ್ನು ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿಕೊಂಡು, ಹಿಂದಿನ ಗೇಟಿನಿಂದ ಹೊರಗೆ ಹೋಗಿ ಆಟೋ ಹತ್ತಿದರು. ಊಟವನ್ನೂ ಮಾಡಲಿಲ್ಲ. ಹತ್ತುವ ಮುಂಚೆ ಒಮ್ಮೆ ತಿರುಗಿ, "ಯಾರಿಗೂ ಹೇಳ್ಬ್ಯಾಡಮ್ಮ" ಎಂದರು. ನಾನು ತಲೆಯಾಡಿಸಿದೆ.

ಕಣ್ಣು ಮುಚ್ಚಿ ತಲೆಗೆ ತೀರ್ಥ ಸವರಿಕೊಳ್ಳುತ್ತಿರುವ ಎಲ್ಲರ ಫೋಟೋ ನಮ್ಮ ಗುಂಪಿನಲ್ಲಿ ಈಗಲೂ ಇದೆ. ಮೇಷ್ಟ್ರು ಬಂದು ಹೇಳಿದ್ದರೆ ನಾನು ಸಾಯುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಅವರು ಹೇಳಲಿಲ್ಲ, ಆದ್ದರಿಂದ ಯಾರ ಹೆಸರೂ ಹಾಕದೆ ಇಷ್ಟನ್ನು ಬರೆದಿದ್ದೇನೆ. ಅಚ್ಚಾದ ದಿನ ಗುಂಪಿಗೆ ಕಳಿಸುತ್ತೇನೆ, ಅವರೆಲ್ಲ ಓದಲಿ. ಮೊದಲ ಪ್ರತಿ ಮೇಷ್ಟ್ರ ಮನೆಗೆ ಹೋಗುತ್ತದೆ.